ಮಂಗ ಸತ್ತದ್ದು ಯಾರಿಂದ? ರೋಗದ ಮೇಲಿನ ಗುಮಾನಿಯನ್ನು ಒರೆಗೆ ಹಚ್ಚುವ ಬಗೆ

ಮುಂಗಾರಿನ ಮೊದಲ ಮಳೆ ಬಿದ್ದ ವಾರ. ಇರಕಲ್ಲಗಡದ ಒಂದು ಚಾದಂಗಡಿಯ ಮುಂದೆ ಕುರಿ ಕಾಯುವ ಹಿರಿಯರೊಬ್ಬರು ನನ್ನ ಕೈಗೆ ಮೊಬೈಲ್ ಕೊಟ್ಟು, ಒಂದು ಧ್ವನಿ ಸಂದೇಶ ಕೇಳಿಸಿದರು. ಯುದ್ಧ ನಡೆಯುವ ದೇಶವೊಂದರಲ್ಲಿ ಪ್ರಯೋಗಾಲಯದಿಂದ ಬೇಕಂತಲೇ ಬಿಟ್ಟ ವೈರಸ್ಸು ಗಾಳಿಯಲ್ಲಿ ಹಬ್ಬುತ್ತಿದೆಯಂತೆ, ಮೊದಲು ಪ್ರಾಣಿಗಳು ಸಾಯುತ್ತವಂತೆ, ಆಮೇಲೆ ಮನುಷ್ಯರ ಸರದಿಯಂತೆ. ಯಾವ ದೇಶ, ಯಾವ ಊರು, ಯಾವ ರೋಗ, ಒಂದರ ಹೆಸರೂ ಅದರಲ್ಲಿರಲಿಲ್ಲ.

"ಮಾಸ್ತರ್ರ, ಇದು ಖರೇ ಏನ್ರಿ? ನಿನ್ನಿ ನಮ್ಮ ಹಟ್ಟ್ಯಾಗ ಎರಡು ಕುರಿ ಸತ್ತಾವ್ರಿ. ಸಂಜೀಮಟ ಚೊಲೊ ಇದ್ದುವು. ಬೆಳಗಾಗೂದ್ರಾಗ ಕಾಲು ಸೆಟೆಸಿ ಬಿದ್ದಿದ್ವು."

"ಕಾಕಾ, ಸತ್ತ ಕುರೀನ ಕೊಯ್ಯಬ್ಯಾಡ್ರಿ. ಮೊದ್ಲ ದನದ ಡಾಕ್ಟರ್‌ನ ಕರಸ್ರಿ" ಎಂದೆ. ಅಷ್ಟೇ ಅಂದು ಹೇಳಲು ಆದದ್ದು. ಅವರ ಪ್ರಶ್ನೆಗೆ ಅದು ಅರ್ಧ ಉತ್ತರ ಮಾತ್ರ. ಎರಡು ಕುರಿ ಎಂದರೆ ಅವರ ಮನೆಗೆ ಎರಡು ತಿಂಗಳ ಸಂತೆ. ಅಂಥವರು ಕೇಳಿದ ಪ್ರಶ್ನೆಯನ್ನು ವದಂತಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಉಳಿದರ್ಧ ಉತ್ತರ ಹುಡುಕಲು ಯುದ್ಧಭೂಮಿಗೆ ಹೋಗುವ ಮುನ್ನ ನಮ್ಮ ರಾಜ್ಯದ ಸೊರಬದ ಕಾಡಿಗೆ ಹೋಗಬೇಕು. ಏಕೆಂದರೆ ಇಂಥದೇ ಗುಮಾನಿ ಕನ್ನಡ ನಾಡಿನ ಒಂದು ರೋಗದ ಸುತ್ತ ಎದ್ದು, ಸಂಸತ್ತಿನವರೆಗೂ ಹೋಗಿಬಂದಿದೆ.

1957ರ ಬೇಸಿಗೆ ಹತ್ತಿರವಾದಂತೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಮತ್ತು ಮುಸುವಗಳು ಮರದಿಂದ ಉದುರಿ ಸಾಯತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಜನ ಏಕಾಏಕಿ ಜ್ವರ, ಹಣೆ ಸೀಳುವ ತಲೆನೋವು, ಮೈಕೈ ನೋವಿನಿಂದ ಹಾಸಿಗೆ ಹಿಡಿದರು. ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ ಸೋರಿತು. ಮೊದಲಿಗೆ ಇದನ್ನು ವಿಷಮಶೀತ ಜ್ವರವೆಂದೇ ಅಂದುಕೊಂಡಿದ್ದರು. ಮಂಗಗಳೂ ಸಾಯುತ್ತಿವೆ ಎಂಬ ಸುದ್ದಿ ಮುಟ್ಟಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರ ಎದೆ ಧಸಕ್ಕೆಂದಿತು. ಮಂಗ ಮತ್ತು ಮನುಷ್ಯ ಒಟ್ಟೊಟ್ಟಿಗೆ ಸಾಯುವ ರೋಗವೆಂದರೆ ಹಳದಿ ಜ್ವರ. ಆಫ್ರಿಕ ಮತ್ತು ದಕ್ಷಿಣ ಅಮೆರಿಕದಲ್ಲಿರುವ ಆ ಜ್ವರ ಏಷ್ಯಕ್ಕೆ ಯಾವತ್ತೂ ಕಾಲಿಟ್ಟಿರಲಿಲ್ಲ.

ಕೇಂದ್ರದ ನಿರ್ದೇಶಕ ಟೆಲ್‌ಫರ್ಡ್ ವರ್ಕ್ ಮತ್ತು ಅವರ ಸಹೋದ್ಯೋಗಿ ಹೆರಾಲ್ಡ್ ಟ್ರಾಪಿಡೊ ತಂಡ ಕಟ್ಟಿಕೊಂಡು ಸೊರಬಕ್ಕೆ ಬಂದರು. ಸತ್ತ ಮಂಗದಿಂದ ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರದ್ದಾಗಿರಲಿಲ್ಲ. ಅದರ ನಂಟಸ್ತಿಕೆ ಕಂಡದ್ದು ರಷ್ಯದ ಕಾಡುಗಳಲ್ಲಿ ಉಣ್ಣಿಯಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ಜೊತೆ. ಸೈಬೀರಿಯದ ಓಮ್ಸ್ಕ್ ಸೀಮೆಯ ರಕ್ತಸ್ರಾವ ಜ್ವರವೂ ಅದೇ ಕುಲದ್ದು. ಆ ವರ್ಷ 466 ಜನರಿಗೆ, ಮರುವರ್ಷ 181 ಜನರಿಗೆ ಕಾಯಿಲೆ ತಗಲಿತು. ಹೆಸರು ಕ್ಯಾಸನೂರು ಕಾಡಿನ ಕಾಯಿಲೆ ಎಂದಾಯಿತು. ಜನರ ಬಾಯಲ್ಲಿ ಮಂಗನ ಕಾಯಿಲೆ.

ಈಗ ಆ ಕಾಲವನ್ನು ನೆನೆಯಿರಿ. ಅಮೆರಿಕ ಮತ್ತು ರಷ್ಯ ಪರಸ್ಪರ ಕತ್ತಿ ಮಸೆಯುತ್ತಿದ್ದ ಶೀತಲ ಸಮರದ ದಿನಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ ಕೇಂದ್ರ ಪುಣೆಯದು. ಅಲ್ಲಿ ಅಮೆರಿಕದ ವಿಜ್ಞಾನಿಗಳು ಕೆಲಸ ಮಾಡುತ್ತಾರೆ. ರಷ್ಯದ ವೈರಸ್ಸಿನ ತಮ್ಮನೊಬ್ಬ ಸೊರಬದಲ್ಲಿ ಸಿಗುತ್ತಾನೆ. ಸೈಬೀರಿಯದಿಂದ ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳ ಮೈಮೇಲಿನ ಉಣ್ಣಿಗಳು ಇದನ್ನು ತಂದಿರಬಹುದೇ ಎಂಬ ಊಹೆ ಹುಟ್ಟುತ್ತದೆ. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ದಾರಿ ಗುರುತಿಸುವ ಕೆಲಸವನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ಕೈಗೆತ್ತಿಕೊಳ್ಳುತ್ತಾರೆ. ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ನೆರವು, 1960ರ ದಶಕದಲ್ಲಿ ಅಮೆರಿಕದ ಸೈನ್ಯ ನಡೆಸುತ್ತಿದ್ದ ವಲಸೆ ಪ್ರಾಣಿಗಳ ರೋಗ ಸಮೀಕ್ಷೆಯ ಹಣ. ಹಕ್ಕಿಯ ದಾರಿ ತಿಳಿಯಲು ಸೈನ್ಯಕ್ಕೇಕೆ ಆಸೆ? ಹಕ್ಕಿಯ ಬೆನ್ನಿಗೆ ರೋಗ ಕಟ್ಟಿ ಶತ್ರು ದೇಶಕ್ಕೆ ಅಟ್ಟುವ ಹೂಟವೇ ಇದು?

ಈ ಪ್ರಶ್ನೆ 1974ರಲ್ಲಿ ಪತ್ರಿಕೆಗಳಿಗೆ ಬಂತು. ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸುತ್ತಿದ್ದ ಸೊಳ್ಳೆಗಳ ಸಂತಾನ ನಿಯಂತ್ರಣ ಪ್ರಯೋಗದ ಮೇಲೂ ಅದೇ ಗುಮಾನಿ ಬಿತ್ತು. ಅದರ ಹಣವೂ ಅಮೆರಿಕದ್ದು. ಹಳದಿ ಜ್ವರ ಹರಡಬಲ್ಲ ಸೊಳ್ಳೆಯ ಬಗ್ಗೆ ಅಷ್ಟೊಂದು ಲೆಕ್ಕಾಚಾರ ಏಕೆ ಎಂದು ಕೇಳಿದರು. ಸೋನಿಪತ್ತಿನಲ್ಲಿ ಸಂತಾನಶಕ್ತಿ ಇಲ್ಲದ ಗಂಡು ಸೊಳ್ಳೆಗಳನ್ನು ಬಿಡುವ ಯೋಜನೆ ಕೊನೆ ಗಳಿಗೆಯಲ್ಲಿ ನಿಂತಿತು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ನೆರವಿನ ಸಂಶೋಧನೆಗಳ ಮೇಲೆ ಕಟುವಾದ ವರದಿ ಕೊಟ್ಟಿತು. ಹಕ್ಕಿಗಳ ಯೋಜನೆಯೂ ಅದರಲ್ಲಿತ್ತು. ಸಲೀಂ ಅಲಿ ಆರೋಪಗಳನ್ನು ಒಪ್ಪಲಿಲ್ಲ.

ಇಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡುಬಿಟ್ಟಿವೆ. ಅವನ್ನು ಬಿಡಿಸಿದರೆ ಅರ್ಧ ಗೊಂದಲ ಹೋಗುತ್ತದೆ. ಈ ರೋಗದ ಮೇಲೆ ಯಾರ ಕಣ್ಣಿತ್ತು ಎಂಬುದು ಒಂದು. ಈ ರೋಗ ಎಲ್ಲಿಂದ ಬಂತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗುವುದು ಕಡತಗಳಲ್ಲಿ, ಹಣದ ಲೆಕ್ಕದಲ್ಲಿ. ಸೈನ್ಯಗಳಿಗೆ ಇಂಥ ರೋಗಗಳ ಮೇಲೆ ಆಸಕ್ತಿ ಇದ್ದದ್ದು ಸುಳ್ಳಲ್ಲ. ಮಂಗನ ಕಾಯಿಲೆಯ ವೈರಸ್ಸು ದುರುಪಯೋಗವಾಗಬಹುದಾದ ರೋಗಾಣುಗಳ ಅಮೆರಿಕದ ಸರ್ಕಾರಿ ಪಟ್ಟಿಯಲ್ಲಿ ಸೇರಿತ್ತು. ಯಾರ ಹಣ, ಯಾವ ಉದ್ದೇಶ ಎಂದು ಸಂಸತ್ತು ಕೇಳಿದ್ದು ನನ್ನ ದೃಷ್ಟಿಯಲ್ಲಿ ಸರಿಯಾಗಿಯೇ ಇತ್ತು. ಆದರೆ ಎರಡನೆಯ ಪ್ರಶ್ನೆಗೆ ಕಡತ ಉತ್ತರ ಕೊಡುವುದಿಲ್ಲ. ಅದಕ್ಕೆ ಕಾಡು, ಉಣ್ಣಿ, ರಕ್ತ ಮತ್ತು ಕ್ಯಾಲೆಂಡರ್ ಬೇಕು. ಬೆಂಕಿ ನೋಡಲು ಓಡಿಬಂದವರೆಲ್ಲ ಬೆಂಕಿ ಇಟ್ಟವರಲ್ಲ.

ಹಾಗಾದರೆ ಎರಡನೆಯ ಪ್ರಶ್ನೆಯನ್ನು ಬಿಡಿಸುವುದು ಹೇಗೆ?

ಮೊದಲು ಕಾಲ. ಉಣ್ಣಿ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಮಂಗನ ಕಾಯಿಲೆಯ ಜ್ವರ ಬರುತ್ತದೆ. ಹಾಗಾಗಿ ಪ್ರತಿ ರೋಗಿಯನ್ನೂ ಜ್ವರ ಬಂದ ದಿನಕ್ಕಿಂತ ಒಂದು ವಾರ ಹಿಂದೆ ಎಲ್ಲಿದ್ದಿರಿ, ಏನು ಮಾಡಿದಿರಿ ಎಂದು ಕೇಳುತ್ತಾರೆ. ಸೊರಬ, ಸಾಗರದ ರೋಗಿಗಳ ಉತ್ತರ ಒಂದೇ ತೆರನಾಗಿತ್ತು. ಕಟ್ಟಿಗೆಗೆ ಹೋಗಿದ್ದೆ, ದನ ಮೇಯಿಸಲು ಹೋಗಿದ್ದೆ, ಕೊಟ್ಟಿಗೆಗೆ ದರಗು ಗುಡಿಸಲು ಹೋಗಿದ್ದೆ. ಕಾಯಿಲೆ ಏಳುವುದು ಡಿಸೆಂಬರ್ ಸುಮಾರಿಗೆ, ಇಳಿಯುವುದು ಮೇ ಕಳೆದು ಮಳೆ ಹಿಡಿದ ಮೇಲೆ. ಉಣ್ಣಿಯ ಮರಿಗಳು ತರಗೆಲೆಯಲ್ಲಿ ತುಂಬಿಕೊಳ್ಳುವ ಕಾಲವೂ ಅದೇ, ಸುಗ್ಗಿ ಮುಗಿಸಿದ ಜನ ಕಾಡಿಗೆ ಹೋಗುವ ಕಾಲವೂ ಅದೇ. ವರ್ಷ ವರ್ಷವೂ ಇದೇ ಲಯದಲ್ಲಿ ಬರುವ ರೋಗಕ್ಕೆ ಬೇರು ನೆಲದಲ್ಲಿರುತ್ತದೆ. ಒಂದೇ ದಿನ, ಒಂದೇ ಗಳಿಗೆಯಲ್ಲಿ ಸೋಕು ತಗಲಿದ ಲೆಕ್ಕ ಬಂದರೆ ಮಾತ್ರ ಹುಬ್ಬೇರಿಸಬೇಕು.

ಆಮೇಲೆ ಜಾಗ. ರೋಗಿಗಳ ಮನೆಗಳನ್ನು ನಕ್ಷೆಯ ಮೇಲೆ ಚುಕ್ಕೆಯಿಟ್ಟು ನೋಡುವುದು. ಈ ಉಪಾಯ ಎಷ್ಟು ಹರಿತವಾದದ್ದು ಎಂಬುದಕ್ಕೆ ರಷ್ಯದ ಸ್ವೆರ್ದ್‌ಲೋವ್‌ಸ್ಕ್ ನಗರವೇ ಸಾಕ್ಷಿ. 1979ರ ಏಪ್ರಿಲ್‌ನಲ್ಲಿ ಅಲ್ಲಿ ಆಂಥ್ರಾಕ್ಸ್‌ನಿಂದ ಕನಿಷ್ಠ 66 ಜನ ಸತ್ತರು. ಇದು ವೈರಸ್ಸಲ್ಲ, ಬ್ಯಾಕ್ಟೀರಿಯ. ನಮ್ಮ ಕುರಿಗಾರರು ಬಲ್ಲ ನೆರಡಿ ರೋಗವೇ. ಕೆಟ್ಟ ಮಾಂಸ ತಿಂದು ಸತ್ತರು ಎಂದು ಸರ್ಕಾರ ಸಾಧಿಸಿತು. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1992ರಲ್ಲಿ ಹಾರ್ವರ್ಡಿನ ಮ್ಯಾಥ್ಯೂ ಮೆಸೆಲ್‌ಸನ್ ತಂಡ ಅಲ್ಲಿಗೆ ಹೋಗಿ, ಸತ್ತವರ ಮನೆಗಳನ್ನೂ ಅವರು ಕೆಲಸ ಮಾಡುತ್ತಿದ್ದ ಜಾಗಗಳನ್ನೂ ಹುಡುಕಿ ಗುರುತು ಹಾಕಿತು. ಚುಕ್ಕೆಗಳು ಊರೆಲ್ಲ ಚೆಲ್ಲಿರಲಿಲ್ಲ. ಸೇನೆಯ ಒಂದು ಆವರಣದಿಂದ ಹೊರಟು ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ ಒಂದು ಕಿರಿದಾದ ಪಟ್ಟಿಯಾಗಿ ಬಿದ್ದಿದ್ದವು. ಅದೇ ನೇರದಲ್ಲಿ ಮುಂದೆ ಐವತ್ತು ಕಿಲೋಮೀಟರ್‌ವರೆಗಿನ ಹಳ್ಳಿಗಳಲ್ಲಿ ಕುರಿ ದನಗಳು ಸತ್ತಿದ್ದವು. ಹವಾಮಾನ ದಾಖಲೆ ತೆಗೆದು ನೋಡಿದರೆ ಏಪ್ರಿಲ್ 2ರಂದು ಗಾಳಿ ಬೀಸಿದ್ದು ಅದೇ ದಿಕ್ಕಿಗೆ. ಗುಮಾನಿ ಅಲ್ಲಿ ನಿಜವಾಯಿತು. ಸೋರಿದ್ದು ಸೇನೆಯ ರೋಗಾಣು.

ಸೊರಬದ ನಕ್ಷೆ ಹಾಗಿರಲಿಲ್ಲ. ಚುಕ್ಕೆಗಳು ಕಾಡಿನ ಅಂಚು ಹಿಡಿದು, ಗದ್ದೆ ಮತ್ತು ಮರ ಸೇರುವ ಕಡೆ, ವರ್ಷದಿಂದ ವರ್ಷಕ್ಕೆ ತೆವಳಿದವು. ಗಾಳಿಯ ದಿಕ್ಕಿಗೂ ಅವಕ್ಕೂ ಸಂಬಂಧ ಕಾಣಲಿಲ್ಲ.

ಮೂರನೆಯದಾಗಿ ನೋಡಬೇಕಾದದ್ದು ರೋಗ ಮತ್ತಾವ ಜೀವಿಗಳ ಮೈಯಲ್ಲಿ ಮನೆ ಮಾಡಿದೆ ಎಂಬುದು. ಉಣ್ಣಿಗಳನ್ನು ಹಿಡಿಯಲು ಬಿಳಿ ಕಂಬಳಿ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆಯುತ್ತಾ ಹೋಗುವುದು ಸಂಶೋಧಕರ ಹಳೆಯ ಪದ್ಧತಿ. ಅಂಟಿಕೊಂಡ ಉಣ್ಣಿಗಳನ್ನು ಅರೆದು ಪರೀಕ್ಷಿಸಿದಾಗ ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣ್ಣಿಯಲ್ಲಿ ವೈರಸ್ಸು ಮತ್ತೆ ಮತ್ತೆ ಸಿಕ್ಕಿತು. ಕಾಡಿನ ಇಲಿ, ಸುಂಡಿಲಿಗಳಲ್ಲೂ ಗುರುತು ಸಿಕ್ಕಿತು. ಮಂಗ ಪಾಪ, ಮನುಷ್ಯನ ಹಾಗೆ ಸಿಕ್ಕಿಬಿದ್ದ ಪ್ರಾಣಿ. ಅದು ಸತ್ತು ನೆಲಕ್ಕೆ ಬಿದ್ದಾಗ ಅದರ ಮೈಯ ಉಣ್ಣಿಗಳು ಅಲ್ಲೇ ಉದುರಿ ಆ ಜಾಗವನ್ನು ಅಪಾಯದ ತಾಣ ಮಾಡುತ್ತವೆ. ದನಗಳಿಗೆ ಕಾಯಿಲೆ ತಾಗದಿದ್ದರೂ ಬೆಳೆದ ಉಣ್ಣಿಗಳಿಗೆ ಅವು ಊಟದ ಮನೆ. ಕಾಡು ಕಡಿದು, ಅಂಚಿನಲ್ಲಿ ದನ ಮೇಯಿಸಿದಷ್ಟೂ ಉಣ್ಣಿ ಹೆಚ್ಚುತ್ತದೆ. ಇದನ್ನು ಹತ್ತಿರದಿಂದ ಅಧ್ಯಯನ ಮಾಡಿದ ಕೊಲಂಬಿಯ ದೇಶದ ವಿಜ್ಞಾನಿ ಹೋರ್ಹೆ ಬೊಶೆಲ್, ಮನುಷ್ಯ ಕಾಡಿನೊಳಗೆ ಮಾಡಿದ ಬದಲಾವಣೆಯೇ ಒಳಗೆ ಸದ್ದಿಲ್ಲದೆ ಇದ್ದ ರೋಗವನ್ನು ಮೇಲೆ ತಂದಿತೆಂದು 1960ರ ದಶಕದ ಕೊನೆಗೇ ವಾದಿಸಿದ್ದರು. 1983ರಲ್ಲಿ ಬೆಳ್ತಂಗಡಿ ಭಾಗದಲ್ಲಿ ಗೇರು ತೋಟಕ್ಕೆ ಕಾಡು ಸವರಿದ ಮೇಲೆ 1,555 ಜನರಿಗೆ ಕಾಯಿಲೆ ಬಂದು 150 ಜನ ಸತ್ತಾಗ ಆ ಮಾತಿಗೆ ಮತ್ತೆ ತೂಕ ಬಂತು.

ಹಕ್ಕಿಗಳ ಕಥೆ ಏನಾಯಿತು? ಲಕ್ಷಾಂತರ ಉಂಗುರ ತೊಡಿಸಿ ಹಕ್ಕಿಗಳ ದಾರಿಯ ಬಗ್ಗೆ ಅಮೂಲ್ಯ ತಿಳಿವಳಿಕೆ ಬಂತು. ಅವು ರಷ್ಯದಿಂದ ಈ ವೈರಸ್ಸು ಹೊತ್ತು ತಂದವು ಎಂಬುದಕ್ಕೆ ಆಧಾರ ಮಾತ್ರ ಸಿಗಲಿಲ್ಲ.

ನಾಲ್ಕನೆಯದು ನನಗೆ ಬಹಳ ಇಷ್ಟವಾದ ಸಾಕ್ಷ್ಯ. ಹಳೆಯ ರಕ್ತ. ಒಂದು ರೋಗ ಮೈಗೆ ಬಂದು ಹೋದರೆ ಅದರ ವಿರುದ್ಧ ಹೋರಾಡಿದ ಪ್ರತಿಕಾಯಗಳು ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತವೆ. ಬೇರೆ ಯಾವುದೋ ಕೆಲಸಕ್ಕೆ ಸಂಗ್ರಹಿಸಿಟ್ಟ ಹಳೆಯ ರಕ್ತದ ಸೀಸೆಗಳನ್ನು ತೆಗೆದು ಪರೀಕ್ಷಿಸಿದರೆ, ರೋಗ ಸುದ್ದಿಯಾಗುವ ಮೊದಲೇ ಇತ್ತೋ ಇಲ್ಲವೋ ತಿಳಿಯುತ್ತದೆ. ಕ್ಯಾಸನೂರಿನಲ್ಲಿ ಮಂಗಗಳು ಸಾಯುವ ಕೆಲ ವರ್ಷ ಮುಂಚೆಯೇ, ಸುಮಾರು ಸಾವಿರ ಕಿಲೋಮೀಟರ್ ದೂರದ ಸೌರಾಷ್ಟ್ರದ ಜನರ ರಕ್ತದಲ್ಲಿ ಇದೇ ಕುಲದ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು ಕಂಡಿದ್ದವು. 1957ರಲ್ಲಿ ಯಾರೋ ತಂದು ಸುರಿದರು ಎಂಬ ಕಥೆಗೆ ಆ ಸೀಸೆಗಳು ಅಡ್ಡ ನಿಲ್ಲುತ್ತವೆ.

ಕೊನೆಗೆ ವಂಶವಾಹಿ. ವೈರಸ್ಸು ಮೈಯಿಂದ ಮೈಗೆ ದಾಟುವಾಗ ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತದೆ. ನಕಲಿನಲ್ಲಿ ಅಷ್ಟಿಷ್ಟು ಅಕ್ಷರ ತಪ್ಪುತ್ತವೆ. ತಪ್ಪುಗಳನ್ನು ಎಣಿಸಿದರೆ ಎರಡು ವೈರಸ್ಸುಗಳು ಎಷ್ಟು ಕಾಲದ ಹಿಂದೆ ಬೇರೆಯಾದವು ಎಂದು ಅಂದಾಜು ಸಿಗುತ್ತದೆ. ಪ್ರಯೋಗಾಲಯದ ಶೈತ್ಯಪೆಟ್ಟಿಗೆಯಲ್ಲಿ ಮಲಗಿದ್ದ ವೈರಸ್ಸಿಗೆ ಈ ತಪ್ಪುಗಳಿರುವುದಿಲ್ಲ, ವಯಸ್ಸೇ ಆಗಿರುವುದಿಲ್ಲ. 1977ರಲ್ಲಿ ಚೀನ ಮತ್ತು ರಷ್ಯದಿಂದ ಹಬ್ಬಿದ ಇನ್‌ಫ್ಲುಯೆಂಜಾ ವೈರಸ್ಸು ಸಿಕ್ಕಿಬಿದ್ದದ್ದು ಹೀಗೆ. ಅದು 1950ರ ಆಸುಪಾಸಿನ ವೈರಸ್ಸಿನ ತದ್ರೂಪಿನಂತಿತ್ತು. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಜನರ ನಡುವೆ ಓಡಾಡಿದ್ದರೆ ಹಾಗಿರಲು ಸಾಧ್ಯವೇ ಇಲ್ಲ. ಲಸಿಕೆಯ ಪ್ರಯೋಗದಿಂದಲೋ ಪ್ರಯೋಗಾಲಯದಿಂದಲೋ ಅದು ಹೊರಬಂದಿರಬೇಕೆಂದು ಬಹಳ ವಿಜ್ಞಾನಿಗಳು ನಂಬುತ್ತಾರೆ.

ಈ ಗಡಿಯಾರವನ್ನು ನಂಬುವಾಗಲೂ ಎಚ್ಚರ ಬೇಕು. ಮಂಗನ ಕಾಯಿಲೆಯ ವೈರಸ್ಸಿಗೆ 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಒಬ್ಬ ಸೋದರ ಸಿಕ್ಕ, ಅಲ್‌ಖುರ್ಮಾ ವೈರಸ್. ಇವೆರಡೂ ಯಾವಾಗ ಬೇರೆಯಾದವು? 2009ರ ಒಂದು ಅಧ್ಯಯನ 1942ರ ಸುಮಾರಿಗೆ ಎಂದು ಹೇಳಿತು. ಎರಡನೆಯ ಮಹಾಯುದ್ಧದ ನಟ್ಟನಡು! ಗುಮಾನಿ ಇರುವವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಆದರೆ 2011ರಲ್ಲಿ ಇನ್ನೊಂದು ತಂಡ ವೈರಸ್ಸುಗಳ ಪೂರ್ತಿ ವಂಶವಾಹಿಯನ್ನು ಓದಿ ಲೆಕ್ಕ ಹಾಕಿದಾಗ ಸುಮಾರು 700 ವರ್ಷಗಳ ಹಿಂದೆ ಎಂಬ ಉತ್ತರ ಬಂತು. ಆಗ ವಿಜಯನಗರವಿನ್ನೂ ಹುಟ್ಟಿರಲಿಲ್ಲ, ನಮ್ಮ ಪಕ್ಕದ ಕುಮ್ಮಟದುರ್ಗದಲ್ಲಿ ಕಂಪಿಲರಾಯನ ಕಾಲ. ಒಂದೇ ಒಂದು ಅಧ್ಯಯನದ ಇಸವಿಯನ್ನು ಹಿಡಿದು ತೀರ್ಪು ಕೊಡಬಾರದು ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. ಕಾಲ, ಜಾಗ, ಪ್ರಾಣಿ, ಹಳೆಯ ರಕ್ತ, ಇವೆಲ್ಲ ಒಂದೇ ಕಡೆ ಬೆರಳು ತೋರಿದಾಗಲೇ ಮಾತು ಗಟ್ಟಿ.

ಇನ್ನು ಯುದ್ಧಭೂಮಿಗೆ ಬರೋಣ. ಅಲ್ಲಿ ರೋಗ ಏಳುತ್ತದೆ, ಅದು ವದಂತಿಯಲ್ಲ. ಹೇಗೆ ಏಳುತ್ತದೆ ಎಂಬುದನ್ನು ನೋಡಬೇಕು.

1944ರಲ್ಲಿ ಕ್ರಿಮಿಯ ಪ್ರಾಂತ್ಯದಲ್ಲಿ ಸುಮಾರು 200 ಸೋವಿಯತ್ ಸೈನಿಕರು ರಕ್ತಸ್ರಾವದ ಜ್ವರಕ್ಕೆ ತುತ್ತಾದರು. ಜರ್ಮನರ ವಶದಲ್ಲಿದ್ದಾಗ ಅಲ್ಲಿ ಹೊಲಗಳು ಬೀಳುಬಿದ್ದಿದ್ದವು. ಮೊಲಗಳು ಮಿತಿಮೀರಿ ಹೆಚ್ಚಿದ್ದವು, ಅವುಗಳ ಮೈಮೇಲೆ ಉಣ್ಣಿ. ಆ ಹೊಲಗಳಿಗೆ ಕೊಯ್ಲಿನ ನೆರವಿಗೆಂದು ಇಳಿದವರು ಸೈನಿಕರು. ಕ್ರಿಮಿಯನ್ ಕಾಂಗೋ ಜ್ವರವೆಂದು ಇಂದು ಕರೆಯುವ ಆ ರೋಗ 2011ರಲ್ಲಿ ಗುಜರಾತಿನ ಸಾಣಂದಕ್ಕೂ ಬಂತು. ರೋಗಿಗೆ ಚಿಕಿತ್ಸೆ ಕೊಟ್ಟ ವೈದ್ಯರು ಮತ್ತು ದಾದಿ ತೀರಿಕೊಂಡರು. ಇದು ಕುರಿ, ಮೇಕೆ, ದನಗಳ ಉಣ್ಣಿಯಿಂದ ಬರುವ ಕಾಯಿಲೆ. ಇರಕಲ್ಲಗಡದ ಕುರಿಗಾರರಿಗೆ ಮಂಗನ ಕಾಯಿಲೆಗಿಂತಲೂ ತಿಳಿದಿರಬೇಕಾದದ್ದು ಇದೇ. ಉಣ್ಣಿಯನ್ನು ಬೆರಳಲ್ಲಿ ಹಿಸುಕಿ ಒಡೆಯುವ ನಮ್ಮ ಅಭ್ಯಾಸ ಬಿಡಬೇಕಾದದ್ದು ಇದೇ ಕಾರಣಕ್ಕೆ.

1950ರಿಂದ 53ರವರೆಗೆ ಕೊರಿಯ ಯುದ್ಧ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಕೊನೆಯಲ್ಲಿ ಸೆರೆಯಾಳುಗಳನ್ನು ಮರಳಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಹೋದ ಯುದ್ಧ ಅದು. 3,000ಕ್ಕೂ ಹೆಚ್ಚು ವಿಶ್ವಸಂಸ್ಥೆಯ ಪಡೆಯ ಸೈನಿಕರು ತಾವು ಅದುವರೆಗೆ ಕಾಣದ ಜ್ವರಕ್ಕೆ ಬಿದ್ದರು. ಮೂತ್ರಪಿಂಡ ಸೋಲುತ್ತಿತ್ತು, ರಕ್ತ ಸೋರುತ್ತಿತ್ತು. ಇತ್ತ ಅಮೆರಿಕ ತಮ್ಮ ಮೇಲೆ ರೋಗಾಣು ಚೆಲ್ಲುತ್ತಿದೆ ಎಂದು 1952ರಲ್ಲಿ ಚೀನ ಮತ್ತು ಉತ್ತರ ಕೊರಿಯ ದೂರಿದವು. ಎರಡೂ ಕಡೆ ಭಯ. ಸೈನಿಕರ ಜ್ವರದ ಗುಟ್ಟು ಒಡೆಯಲು ಕಾಲು ಶತಮಾನ ಹಿಡಿಯಿತು. ದಕ್ಷಿಣ ಕೊರಿಯದ ವಿಜ್ಞಾನಿ ಲೀ ಹೋ ವಾಂಗ್ 1976ರಲ್ಲಿ ಅದನ್ನು ಹೊಲದ ಗೆರೆ ಇಲಿಯ ಶ್ವಾಸಕೋಶದಲ್ಲಿ ಕಂಡರು. ಅಲ್ಲಿನ ಹಂತಾನ್ ನದಿಯ ಹೆಸರಿಟ್ಟರು. ಬೀಳುಬಿದ್ದ ಹೊಲಗಳಲ್ಲಿ ಬಂಕರ್ ತೋಡಿ ಇಲಿಗಳ ನಡುವೆ ಮಲಗಿದ ಸೈನಿಕರಿಗೆ ಅವುಗಳ ಮೂತ್ರದ ಧೂಳು ಉಸಿರಿಗೆ ಹೋಗಿತ್ತು. ಚೀನ ಮಾಡಿದ್ದ ಆರೋಪ ಕಟ್ಟುಕಥೆ ಎಂದು ಹೇಳುವ ಸೋವಿಯತ್ ದಾಖಲೆಗಳು 1998ರಲ್ಲಿ ಹೊರಬಂದವು. ಆ ಬಗ್ಗೆ ಇತಿಹಾಸಕಾರರ ವಾದವಿನ್ನೂ ಪೂರ್ತಿ ನಿಂತಿಲ್ಲ.

ರೊಡೇಶಿಯದ್ದು, ಅಂದರೆ ಇಂದಿನ ಜಿಂಬಾಬ್ವೆಯದ್ದು, ಇನ್ನೂ ಬಿಡಿಸಲಾಗದ ಗಂಟು. ಸ್ವಾತಂತ್ರ್ಯ ಹೋರಾಟದ ಕೊನೆಯ ವರ್ಷಗಳು, 1978ರಿಂದ 80. ಹತ್ತು ಸಾವಿರಕ್ಕೂ ಹೆಚ್ಚು ಜನರಿಗೆ ನೆರಡಿ ತಗಲಿ 182 ಜನ ಸತ್ತರು. ಹೆಚ್ಚು ಬಾಧೆಪಟ್ಟದ್ದು ಕರಿಯರ ಹಳ್ಳಿಗಳು. ಹಾಗಾಗಿ ಬಿಳಿಯ ಸರ್ಕಾರವೇ ಮಾಡಿತೆಂಬ ಗುಮಾನಿ ಬಲವಾಗಿ ಎದ್ದಿತು. ಆದರೆ ಅದೇ ಹಳ್ಳಿಗಳಲ್ಲಿ ಯುದ್ಧದಿಂದ ಪಶುವೈದ್ಯರ ಓಡಾಟ ನಿಂತಿತ್ತು, ಲಸಿಕೆ ನಿಂತಿತ್ತು, ಹಸಿದ ಜನ ಸತ್ತ ದನವನ್ನು ಕೊಯ್ದು ಹಂಚಿಕೊಂಡು ತಿಂದಿದ್ದರು. ಇತ್ತೀಚಿನ ವಂಶವಾಹಿ ಅಧ್ಯಯನ ಸಹಜ ರೋಗದ ಕಡೆಗೇ ವಾಲುತ್ತದೆ.

ಭಾರತದ ಶಾಂತಿಪಾಲನಾ ಸೈನಿಕರು ವರ್ಷಗಟ್ಟಲೆ ಬೀಡುಬಿಟ್ಟಿದ್ದ ಕಾಂಗೋ ದೇಶದ ಉತ್ತರ ಕಿವು ಪ್ರಾಂತ್ಯದಲ್ಲಿ 2018ರ ಆಗಸ್ಟಿನಲ್ಲಿ ಎಬೋಲಾ ಘೋಷಣೆಯಾಯಿತು. ಅದು ಮುಗಿದದ್ದು 2020ರ ಜೂನ್‌ನಲ್ಲಿ, 3,470 ಜನರಿಗೆ ತಗಲಿ 2,287 ಜನರನ್ನು ಬಲಿ ತೆಗೆದುಕೊಂಡ ಮೇಲೆ. ಆ ಸೀಮೆಯ ಜನ ಕಾಲು ಶತಮಾನದಿಂದ ಬಂದೂಕುಗಳ ನಡುವೆ ಬದುಕುತ್ತಿದ್ದರು. ಅವರು ಸಾಯುವಾಗ ಬಾರದ ಲೋಕ ಎಬೋಲಾ ಬಂದೊಡನೆ ವಾಹನಗಳ ಸಾಲು ಕಟ್ಟಿಕೊಂಡು ಬಂತು. 2018ರ ಡಿಸೆಂಬರ್‌ನಲ್ಲಿ ರೋಗದ ಕಾರಣ ಕೊಟ್ಟು ಬೇನಿ, ಬುಟೆಂಬೊ ಭಾಗಕ್ಕೆ ಅಧ್ಯಕ್ಷರ ಚುನಾವಣೆ ಮುಂದಕ್ಕೆ ಹಾಕಿದರು. ಜನ ಏನೆಂದುಕೊಳ್ಳಬೇಕು? ಒಂದು ಸಮೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರು ಎಬೋಲಾ ಎಂಬುದೇ ಇಲ್ಲ ಎಂದರು. ಚಿಕಿತ್ಸಾ ಕೇಂದ್ರಗಳಿಗೆ ಬೆಂಕಿ ಬಿತ್ತು. 2019ರ ಏಪ್ರಿಲ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವೈದ್ಯ ರಿಚರ್ಡ್ ಮುಜೊಕೊ ಅವರನ್ನು ಬುಟೆಂಬೊ ಆಸ್ಪತ್ರೆಯಲ್ಲೇ ಗುಂಡಿಟ್ಟು ಕೊಂದರು. ಕೈಯಲ್ಲಿ ಲಸಿಕೆ ಇತ್ತು. ಅದನ್ನು ಹಾಕಲು ಹೋಗುವ ದಾರಿ ಇರಲಿಲ್ಲ.

ಗುಮಾನಿಯನ್ನು ಬೇಕೆಂದೇ ಬಿತ್ತುವವರೂ ಇದ್ದಾರೆ ಎಂಬುದಕ್ಕೆ ನಮ್ಮ ದೇಶದ ಹೆಸರೇ ತಳುಕು ಹಾಕಿಕೊಂಡಿದೆ. ಏಡ್ಸ್ ರೋಗವನ್ನು ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿ ತಯಾರಿಸಿದರು ಎಂಬ ಕಥೆ ಮೊದಲು ಅಚ್ಚಾದದ್ದು 1983ರ ಜುಲೈನಲ್ಲಿ, ದೆಹಲಿಯ 'ಪೇಟ್ರಿಯಟ್' ಪತ್ರಿಕೆಯಲ್ಲಿ. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಅದನ್ನು ಅಲ್ಲಿ ನೆಟ್ಟು, ಎರಡು ವರ್ಷದ ಮೇಲೆ ಭಾರತದ ಪತ್ರಿಕೆಯೇ ಬರೆದಿದೆ ನೋಡಿ ಎಂದು ಲೋಕಕ್ಕೆಲ್ಲ ತೋರಿಸಿತು. ಎಚ್‌ಐವಿ ಮಾತ್ರ ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಮಧ್ಯ ಆಫ್ರಿಕದಲ್ಲಿ ಹರಿದಾಡುತ್ತಿತ್ತೆಂದು ವಂಶವಾಹಿಯ ಲೆಕ್ಕ ಹೇಳುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದೊಡನೆ ಅಲ್ಲಿನ ಪ್ರಯೋಗಾಲಯಗಳ ಬಗ್ಗೆ ರಷ್ಯ ಇಂಥದೇ ಆರೋಪ ಮಾಡಿತು. ಅಂಥ ಅಸ್ತ್ರ ಯೋಜನೆಯ ಮಾಹಿತಿ ತನಗಿಲ್ಲವೆಂದು ವಿಶ್ವಸಂಸ್ಥೆ ಭದ್ರತಾ ಮಂಡಳಿಗೆ ತಿಳಿಸಿತು.

ಇಂಥ ಆರೋಪಗಳನ್ನು ಪರಿಶೀಲಿಸುವ ಕಟ್ಟೆಯಾದರೂ ಇದೆಯೇ? 1925ರ ಜಿನೀವಾ ಒಪ್ಪಂದ ರೋಗಾಣುಗಳನ್ನು ಯುದ್ಧದಲ್ಲಿ ಬಳಸುವುದನ್ನು ನಿಷೇಧಿಸಿತು. 1972ರ ಜೈವಿಕ ಅಸ್ತ್ರ ಒಪ್ಪಂದ ತಯಾರಿಸುವುದನ್ನೂ ಕೂಡಿಡುವುದನ್ನೂ ನಿಷೇಧಿಸಿ 1975ರಲ್ಲಿ ಜಾರಿಗೆ ಬಂತು. ಭಾರತವೂ ಅದಕ್ಕೆ ಸಹಿ ಹಾಕಿದೆ. ಆದರೆ ರಾಸಾಯನಿಕ ಅಸ್ತ್ರಗಳಿಗೆ ಇರುವ ಹಾಗೆ ಬಾಗಿಲು ತಟ್ಟಿ ಒಳಗೆ ಹೋಗಿ ನೋಡುವ ತಪಾಸಣಾ ವ್ಯವಸ್ಥೆ ಇದಕ್ಕಿಲ್ಲ. ಒಪ್ಪಂದ ಜಾರಿಯಾದ ನಾಲ್ಕೇ ವರ್ಷಕ್ಕೆ ಸ್ವೆರ್ದ್‌ಲೋವ್‌ಸ್ಕ್‌ನಲ್ಲಿ ಆ 66 ಜನ ಸತ್ತರು. ಇದು ಒಪ್ಪಂದದ ದೊಡ್ಡ ಕೊರತೆ. ತಪಾಸಣೆ ಇಲ್ಲದ ಕಡೆ ಗುಮಾನಿ ಕಳೆಯಂತೆ ಬೆಳೆಯುತ್ತದೆ.

ಈಗ ಇರಕಲ್ಲಗಡಕ್ಕೆ. ನಮ್ಮ ಮಸಾರಿ ಹೊಲ, ಕಲ್ಲುಗುಡ್ಡಗಳಲ್ಲಿ ಮಂಗನ ಕಾಯಿಲೆಯ ಕಾಡಿಲ್ಲ. ಆದರೆ ನಮ್ಮವರು ಗುಳೆ ಹೋಗುತ್ತಾರೆ. ಮಲೆನಾಡಿನ ತೋಟಗಳಿಗೆ, ಮಂಗಳೂರಿಗೆ, ಗೋವಾಕ್ಕೆ. ಶಿವಮೊಗ್ಗ ಮತ್ತು ಅದರ ಆಸುಪಾಸಿನ ಮಲೆನಾಡು, ಕರಾವಳಿ ಜಿಲ್ಲೆಗಳನ್ನು ಬಿಟ್ಟರೆ ಬೇರೆಡೆ ಅಷ್ಟಾಗಿ ಕಾಣದಿದ್ದ ಈ ಕಾಯಿಲೆ 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿಕೊಂಡಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ನರಳಿತು. ಹಳೆಯ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿದ್ದಾರೆ. ಕಾಡಂಚಿನಲ್ಲಿ ಕೆಲಸ ಮಾಡುವವರು ಡೇಪಾ ತೈಲವನ್ನು ಕೈಕಾಲಿಗೆ ಸವರಿಕೊಂಡೇ ಹೋಗಬೇಕು. ಅದನ್ನು ಕಂಡುಹಿಡಿದದ್ದು ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ, ಆರೋಗ್ಯ ಇಲಾಖೆ ಉಚಿತವಾಗಿ ಹಂಚುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಅಲ್ಲಿಂದ ಊರಿಗೆ ಮರಳಿದವರಿಗೆ ಜ್ವರ ಬಂದರೆ, ಎಲ್ಲಿ ದುಡಿಯುತ್ತಿದ್ದಿರಿ ಎಂಬುದನ್ನು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಹಾಗಾಗಿ ರೋಗಿಯನ್ನು ದೂರ ಇಡಬೇಕಾದ ಅಗತ್ಯವೂ ಇಲ್ಲ.

ಕಾಕಾನ ಕುರಿಗಳ ವಿಷಯ ಬಾಕಿ ಇದೆ. ದನದ ದವಾಖಾನೆಯ ಡಾಕ್ಟರು ಅಂದೇ ಮಧ್ಯಾಹ್ನ ಬಂದರು. ಮೊದಲು ಸತ್ತ ಕುರಿಯ ಕಿವಿಯ ನರದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿಕೊಂಡರು. ನೆರಡಿ ಇದ್ದರೆ ಹೊಟ್ಟೆ ಸೀಳಿದ ಕೂಡಲೇ ಅದರ ಬೀಜಾಣುಗಳು ಮಣ್ಣಿಗೆ ಸೇರಿ ದಶಕಗಟ್ಟಲೆ ಅಲ್ಲೇ ಬದುಕುತ್ತವೆ. ಕೊಯ್ದವರ ಕೈಗೆ ನೋವಿಲ್ಲದ ಕರಿ ಹುಣ್ಣು ಏಳುತ್ತದೆ. ಆ ಹನಿಯಲ್ಲಿ ನೆರಡಿ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಕುರಿಯನ್ನು ಬಿಚ್ಚಿ ನೋಡಿದರು. ಮೂತ್ರಪಿಂಡ ಕೊಳೆತ ಹಣ್ಣಿನಂತೆ ಮೆತ್ತಗಾಗಿತ್ತು. ಕರುಳುಬೇನೆ. ಬೇಸಿಗೆಯೆಲ್ಲ ಒಣ ಮೇವು ತಿಂದ ಕುರಿ ಮೊದಲ ಮಳೆಗೆ ಚಿಗುರಿದ ಹಸಿ ಹುಲ್ಲನ್ನು ಹೊಟ್ಟೆ ಬಿರಿಯ ತಿಂದರೆ ಕರುಳಿನೊಳಗಿನ ಬ್ಯಾಕ್ಟೀರಿಯ ಉಕ್ಕಿ ವಿಷ ಕಕ್ಕುತ್ತದೆ. ರಾತ್ರಿ ಕಳೆಯುವುದರೊಳಗೆ ಕುರಿ ಇರುವುದಿಲ್ಲ. ಉಳಿದ ಕುರಿಗಳಿಗೆ ಅಂದೇ ಲಸಿಕೆ ಹಾಕಿದರು.

ಕರುಳುಬೇನೆಯ ಲಸಿಕೆ ಹಾಕಿಸಬೇಕಾದದ್ದು ಮುಂಗಾರಿಗೆ ಮುನ್ನ. ಕುರಿ ಏಕಾಏಕಿ ಸತ್ತರೆ ಕೊಯ್ಯಬೇಡಿ, ಹಂಚಬೇಡಿ. ಹತ್ತಿರದ ದನದ ದವಾಖಾನೆಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ.